ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಬೇಕಾದ 50 ಗಂಟೆ ಕ್ರಾಸ್‌ಕಂಟ್ರಿ: ಯೋಜನೆ, ಹಾರಾಟ, ಲಾಗ್‌ಬುಕ್

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಪಡೆದು ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದಲ್ಲೂ ಬರೀ ಉಪಕರಣ ನೋಡಿ ಹಾರುವ ಅರ್ಹತೆ) ಶುರುಮಾಡಿದವರಲ್ಲಿ ಹೆಚ್ಚಿನವರು ಹುಡ್ (ಹೊರಗಿನ ನೋಟ ಮರೆಮಾಡುವ ಮುಸುಕು) ಹಾಕಿಕೊಂಡು ಹಾರಿದ ಗಂಟೆಗಳನ್ನು ಜೋಪಾನವಾಗಿ ಎಣಿಸುತ್ತಾರೆ. ಕ್ರಾಸ್‌ಕಂಟ್ರಿ, ಅಂದರೆ ದೂರದ ನಿಲ್ದಾಣಕ್ಕೆ ಹೋಗಿ ಇಳಿಯುವ ಹಾರಾಟದ ಗಂಟೆಗಳ ನೆನಪಾಗುವುದು ಕೊನೆಗೆ. ಅಷ್ಟು ಹೊತ್ತಿಗೆ ಹುಡ್‌ನ 40 ಗಂಟೆ ಮುಗಿದಿರುತ್ತದೆ, ಕ್ರಾಸ್‌ಕಂಟ್ರಿ ಮಾತ್ರ ಹತ್ತು ಹದಿನೈದು ಗಂಟೆ ಕಡಿಮೆ ಬಿದ್ದಿರುತ್ತದೆ. ಆಗ ಬಾಡಿಗೆ ವಿಮಾನದಲ್ಲಿ ಗಂಟೆ ತುಂಬಿಸುವುದಕ್ಕೆಂದೇ ಹಾರಬೇಕಾಗುತ್ತದೆ. ಎರಡೂ ಲೆಕ್ಕಗಳನ್ನು ಮೊದಲ ದಿನದಿಂದ ಒಟ್ಟಿಗೆ ಹಿಡಿದರೆ ಈ ಖರ್ಚು ಬಹುಪಾಲು ತಪ್ಪುತ್ತದೆ, ಕಲಿಕೆಯೂ ಗಟ್ಟಿಯಾಗುತ್ತದೆ.

ಈ ಲೇಖನ ಎಫ್‌ಎಎ (ಅಮೆರಿಕದ ವಾಯುಯಾನ ನಿಯಂತ್ರಣ ಸಂಸ್ಥೆ) ನಿಯಮಗಳ ಪಾರ್ಟ್ 61ರ ಅಡಿಯಲ್ಲಿ, ಒಂದು ಎಂಜಿನ್‌ನ ವಿಮಾನದಲ್ಲಿ ಕಲಿಯುವವರಿಗೆ. ಉದಾಹರಣೆಗಳು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದವು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಪಾಲೊ ಆಲ್ಟೊ, ಸ್ಟಾಕ್ಟನ್, ಸಲೀನಾಸ್ ಪರಿಚಿತ ಹೆಸರುಗಳು. ಬೇರೆ ಊರಿನವರು ನಿಲ್ದಾಣದ ಹೆಸರು ಬದಲಿಸಿಕೊಂಡರೆ ಸಾಕು, ಲೆಕ್ಕ ಅದೇ.

ನಿಯಮ ಕೇಳುವುದು ಏನು

ನಿಯಮ 61.65 ಕೇಳುವ ಅಂಕಿಗಳು ಹೀಗಿವೆ. ಪೈಲಟ್ ಇನ್ ಕಮಾಂಡ್, ಅಂದರೆ ಪಿಐಸಿ ಆಗಿ 50 ಗಂಟೆ ಕ್ರಾಸ್‌ಕಂಟ್ರಿ, ಅದರಲ್ಲಿ ಕನಿಷ್ಠ 10 ಗಂಟೆ ವಿಮಾನದಲ್ಲಿ (ಹೆಲಿಕಾಪ್ಟರ್‌ನಂಥದ್ದರಲ್ಲಿ ಅಲ್ಲ). ನಿಜವಾದ ಮೋಡದಲ್ಲೋ ಹುಡ್ ಕೆಳಗೋ ಒಟ್ಟು 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ, ಅದರಲ್ಲಿ 15 ಗಂಟೆ ಇನ್‌ಸ್ಟ್ರುಮೆಂಟ್ ಕಲಿಸಲು ಅಧಿಕಾರವಿರುವ ಶಿಕ್ಷಕರ ಜೊತೆ. ಇವರನ್ನು ಎಲ್ಲರೂ ಸಿಎಫ್‌ಐಐ ಎನ್ನುತ್ತಾರೆ. ಪರೀಕ್ಷೆಯ ತಿಂಗಳಿಗೆ ಹಿಂದಿನ ಎರಡು ಕ್ಯಾಲೆಂಡರ್ ತಿಂಗಳ ಒಳಗೆ 3 ಗಂಟೆ ತಯಾರಿ ಪಾಠ. ಕೊನೆಯದು ಎಲ್ಲರೂ ಮಾತಾಡುವ ಉದ್ದದ ಹಾರಾಟ: ಶಿಕ್ಷಕರ ಜೊತೆ, ಐಎಫ್‌ಆರ್ (ಉಪಕರಣ ಹಾರಾಟದ ನಿಯಮ) ಫ್ಲೈಟ್ ಪ್ಲಾನ್ ಫೈಲ್ ಮಾಡಿ, ಏರ್‌ವೇಗಳ (ಚಾರ್ಟ್‌ನಲ್ಲಿ ಗುರುತಿಸಿದ ವಾಯುಮಾರ್ಗ) ಮೇಲೆ ಅಥವಾ ಎಟಿಸಿ (ವಾಯುಸಂಚಾರ ನಿಯಂತ್ರಣ) ಕೊಟ್ಟ ದಾರಿಯಲ್ಲಿ 250 ನಾಟಿಕಲ್ ಮೈಲಿ, ಪ್ರತಿ ನಿಲ್ದಾಣದಲ್ಲೂ ಒಂದು ಇನ್‌ಸ್ಟ್ರುಮೆಂಟ್ ಅಪ್ರೋಚ್ (ಉಪಕರಣ ನೋಡಿ ರನ್‌ವೇ ಕಡೆ ಇಳಿದುಬರುವ ಕ್ರಮ), ಒಟ್ಟಿನಲ್ಲಿ ಮೂರು ಬೇರೆ ಬೇರೆ ಬಗೆಯ ಅಪ್ರೋಚ್.

ಪಾರ್ಟ್ 141 ಶಾಲೆಯಲ್ಲಿ ಕಲಿಯುವವರಿಗೆ 50 ಗಂಟೆಯ ಷರತ್ತು ಇಲ್ಲ, ಇನ್‌ಸ್ಟ್ರುಮೆಂಟ್ ತರಬೇತಿಯೂ 35 ಗಂಟೆ. ಆದರೆ ಅವರ 250 ಮೈಲಿ ಹಾರಾಟದಲ್ಲಿ ಎರಡು ನಿಲ್ದಾಣಗಳ ನಡುವೆ ನೇರ ದೂರ ಕನಿಷ್ಠ 100 ನಾಟಿಕಲ್ ಮೈಲಿ ಇರುವ ಒಂದು ಹಂತ ಬೇಕು. ಪಾರ್ಟ್ 61ರವರಿಗೆ ಈ 100 ಮೈಲಿಯ ಹಂತ ಕಡ್ಡಾಯವಲ್ಲ. ಎರಡು ನಿಯಮಗಳನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ, ಶಿಕ್ಷಕರಲ್ಲೂ ಇದ್ದಾರೆ.

ಯಾವುದು ಕ್ರಾಸ್‌ಕಂಟ್ರಿ, ಯಾವುದು ಅಲ್ಲ

ಈ ರೇಟಿಂಗ್‌ನ ಲೆಕ್ಕಕ್ಕೆ ಬರಬೇಕಾದರೆ, ಹೊರಟ ಸ್ಥಳದಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿಗಿಂತ ಹೆಚ್ಚು ದೂರದ ಒಂದು ಕಡೆ ನೀವು ಇಳಿದಿರಬೇಕು. "ಗಿಂತ ಹೆಚ್ಚು" ಮತ್ತು "ಇಳಿದಿರಬೇಕು" ಎಂಬ ಎರಡು ಮಾತಿನಲ್ಲೇ ಎಡವುವುದು.

ಪಾಲೊ ಆಲ್ಟೊದಿಂದ ಸ್ಟಾಕ್ಟನ್‌ಗೆ ನೇರ ದೂರ ಸುಮಾರು 49 ನಾಟಿಕಲ್ ಮೈಲಿ. ಬೇ ಏರಿಯಾದವರು ಐಎಲ್‌ಎಸ್ (ರನ್‌ವೇಯ ರೇಡಿಯೊ ಕಿರಣಗಳನ್ನು ಹಿಡಿದು ಇಳಿಯುವ ಅಪ್ರೋಚ್) ಅಭ್ಯಾಸಕ್ಕೆ ಸ್ಟಾಕ್ಟನ್‌ಗೆ ಹೋಗುವುದು ವಾಡಿಕೆ. ಬೆಟ್ಟಗಳನ್ನು ಸುತ್ತಿಕೊಂಡು ಹೋದರೆ ಹಾರಿದ ದಾರಿ 60 ಮೈಲಿಯೂ ಆಗಬಹುದು. ಆದರೂ ಆ ಹಾರಾಟ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಪಾಲೊ ಆಲ್ಟೊದಿಂದ ಸಲೀನಾಸ್ ಮತ್ತು ಮಾಂಟೆರೆ ತಲಾ ಸುಮಾರು 54 ಮೈಲಿ, ಸ್ಯಾಕ್ರಮೆಂಟೊ ಎಕ್ಸಿಕ್ಯೂಟಿವ್ ಸುಮಾರು 70. ಈ ಮೂರೂ ಸೇರುತ್ತವೆ. ಹಾಗಾಗಿ ಮೊದಲ ಕೆಲಸ: ನಿಮ್ಮ ನಿಲ್ದಾಣವನ್ನು ಕೇಂದ್ರ ಮಾಡಿ ಚಾರ್ಟ್ ಮೇಲೆ 51 ಮೈಲಿಯ ವೃತ್ತ ಎಳೆಯಿರಿ. ಅದರ ಹೊರಗೆ, 80 ಮೈಲಿಯ ಒಳಗೆ, ಅಪ್ರೋಚ್ ಇರುವ ನಿಲ್ದಾಣಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಆರು ತಿಂಗಳು ನಿಮ್ಮ ಅಭ್ಯಾಸದ ಅಂಗಳ ಇದೇ. ಸ್ಟಾಕ್ಟನ್ ಬಿಡಬೇಕೆಂದಿಲ್ಲ. ಅಲ್ಲಿ ಒಂದು ಅಪ್ರೋಚ್ ಮಾಡಿ ಸ್ಯಾಕ್ರಮೆಂಟೊದಲ್ಲಿ ಇಳಿದು ಮರಳಿದರೆ, ಸ್ಟಾಕ್ಟನ್‌ನಲ್ಲಿ ಕಳೆದ ಸಮಯವೂ ಸೇರಿ ಇಡೀ ಹಾರಾಟ ಕ್ರಾಸ್‌ಕಂಟ್ರಿ ಆಗುತ್ತದೆ.

ಇಳಿಯುವ ವಿಷಯ ಇನ್ನೂ ಸೂಕ್ಷ್ಮ. ಇನ್‌ಸ್ಟ್ರುಮೆಂಟ್ ಅಭ್ಯಾಸದಲ್ಲಿ ಅಪ್ರೋಚ್ ಮುಗಿಸಿ, ಮಿಸ್ಡ್ ಅಪ್ರೋಚ್ ಮಾಡಿ, ರನ್‌ವೇ ಮುಟ್ಟದೆ ಮನೆಗೆ ಮರಳುವುದು ಸಾಮಾನ್ಯ. ಸಲೀನಾಸ್‌ನಲ್ಲಿ ಮೂರು ಅಪ್ರೋಚ್ ಮಾಡಿ ಒಂದರಲ್ಲೂ ಚಕ್ರ ನೆಲಕ್ಕೆ ತಾಗದಿದ್ದರೆ ಎರಡು ಗಂಟೆಯ ಹಾರಾಟ ಕ್ರಾಸ್‌ಕಂಟ್ರಿ ಅಂಕಣದಲ್ಲಿ ಸೊನ್ನೆ. ಟಚ್ ಅಂಡ್ ಗೋ ಸಾಕು. ಆದರೂ ಪೂರ್ತಿ ನಿಂತು, ಹತ್ತು ನಿಮಿಷ ಮುಂದಿನ ಹಂತದ ಪ್ಲೇಟ್ (ಅಪ್ರೋಚ್‌ನ ನಕ್ಷೆ) ಓದಿ ಹೊರಡುವುದೇ ಮೇಲು. ಆಗ ಇಳಿದದ್ದರ ಬಗ್ಗೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಜೊತೆಗೆ ಯಾರೋ ಕೂತಿರುವಾಗ ನೀವು ಪಿಐಸಿ ಹೇಗೆ

ಭಾರತದ ಪದ್ಧತಿ ಗೊತ್ತಿರುವವರಿಗೆ ಇದು ವಿಚಿತ್ರ ಎನಿಸುತ್ತದೆ. ನಮ್ಮಲ್ಲಿ ಶಿಕ್ಷಕರ ಜೊತೆ ಹಾರಿದ್ದು ಡ್ಯುಯಲ್, ಪಿಐಸಿ ಅಲ್ಲ. ಅಮೆರಿಕದಲ್ಲಿ ಪಿಐಸಿ ಆಗಿ ಹೊಣೆ ಹೊರುವುದು ಬೇರೆ, ಪಿಐಸಿ ಎಂದು ಲಾಗ್ ಮಾಡುವುದು ಬೇರೆ. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಒಂದು ಎಂಜಿನ್‌ನ ನೆಲವಿಮಾನದ ರೇಟಿಂಗ್ ಇದ್ದು, ಕಂಟ್ರೋಲ್‌ಗಳು ನಿಮ್ಮೊಬ್ಬರ ಕೈಯಲ್ಲೇ ಇದ್ದರೆ, ಆ ಸಮಯವನ್ನು ನೀವು ಪಿಐಸಿ ಎಂದು ಬರೆಯಬಹುದು. ಪಕ್ಕದಲ್ಲಿ ಸಿಎಫ್‌ಐಐ ಇದ್ದರೂ ಸರಿ, ಮೋಡದ ಒಳಗಿದ್ದರೂ ಸರಿ. ಮೋಡದಲ್ಲಿ ಹೊಣೆ ಹೊರುವ ಪಿಐಸಿ ಸಿಎಫ್‌ಐಐ ಆಗಿರುತ್ತಾರೆ, ಏಕೆಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದವರು ಐಎಫ್‌ಆರ್ ಹಾರಾಟದ ಹೊಣೆ ಹೊರುವಂತಿಲ್ಲ. ಲಾಗ್‌ಬುಕ್‌ನಲ್ಲಿ ಅದೇ ಗಂಟೆ ಪಿಐಸಿ, ಡ್ಯುಯಲ್, ಕ್ರಾಸ್‌ಕಂಟ್ರಿ, ಇನ್‌ಸ್ಟ್ರುಮೆಂಟ್ ಎಂದು ನಾಲ್ಕು ಅಂಕಣಗಳಲ್ಲಿ ಬೀಳಬಹುದು.

ಮುಂದೆ ಭಾರತದ ಲೈಸೆನ್ಸ್‌ಗೆ ಬದಲಿಸಿಕೊಳ್ಳುವ ಯೋಚನೆ ಇರುವವರು ಒಂಟಿಯಾಗಿ ಹಾರಿದ ಪಿಐಸಿ ಗಂಟೆಗೆ ಪ್ರತ್ಯೇಕ ಅಂಕಣ ಇಡಬೇಕು. ನಂತರ ಬೇರ್ಪಡಿಸುವುದು ದೊಡ್ಡ ತಲೆನೋವು.

ಶಿಕ್ಷಕರಿಲ್ಲದೆ ಹುಡ್ ಹಾಕಿ ಹಾರಬೇಕಾದರೆ ಸೇಫ್ಟಿ ಪೈಲಟ್, ಅಂದರೆ ಪಕ್ಕದಲ್ಲಿ ಕೂತು ಹೊರಗೆ ನೋಡುವ ಪೈಲಟ್ ಬೇಕು. ನಿಯಮ 91.109ರ ಪ್ರಕಾರ ಅವರಿಗೆ ಕನಿಷ್ಠ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್, ಆ ವಿಮಾನದ ಕೆಟಗರಿ ಮತ್ತು ಕ್ಲಾಸ್‌ನ ರೇಟಿಂಗ್ ಇರಬೇಕು. ವಿಮಾನಕ್ಕೆ ಎರಡು ಕಂಟ್ರೋಲ್ ಇರಬೇಕು. ಅವರು ವಿಮಾನದ ಅಗತ್ಯ ಸಿಬ್ಬಂದಿ, ಆದ್ದರಿಂದ ಅವರ ಮೆಡಿಕಲ್ (ವೈದ್ಯಕೀಯ ಅರ್ಹತೆ) ಕೂಡ ಚಾಲ್ತಿಯಲ್ಲಿರಬೇಕು. ಹೊರಡುವ ಮುಂಚೆ ನಾಚಿಕೊಳ್ಳದೆ ಕೇಳಿ: ಮೆಡಿಕಲ್ ಯಾವಾಗ ಮುಗಿಯುತ್ತದೆ? ಇವತ್ತು ಹೊಣೆ ಹೊರುವ ಪಿಐಸಿ ಯಾರು? ಕ್ಲಬ್ಬಿನ ವಿಮೆ ಇಬ್ಬರನ್ನೂ ಒಪ್ಪುತ್ತದೆಯೇ? ಎಂಜಿನ್ ಕೆಮ್ಮಿದರೆ ಹುಡ್ ತೆಗೆದು ಯಾರು ಹಾರಿಸುತ್ತಾರೆ? ಈ ಮಾತು ನೆಲದ ಮೇಲೇ ಮುಗಿಯಬೇಕು.

ಸೇಫ್ಟಿ ಪೈಲಟ್ ಕ್ರಾಸ್‌ಕಂಟ್ರಿ ಗಂಟೆ ಬರೆದುಕೊಳ್ಳುವಂತಿಲ್ಲ, ನೀವು ಹುಡ್ ಹಾಕಿದ್ದ ಹೊತ್ತನ್ನು ಮಾತ್ರ ಬರೆದುಕೊಳ್ಳಬಹುದು. ಹಾಗಾಗಿ ಇಬ್ಬರೂ ರೇಟಿಂಗ್‌ಗೆ ಓದುತ್ತಿದ್ದರೆ, ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಎಂದು ಬೇರೆ ಬೇರೆ ಹಾರಾಟ ಮಾಡಿಕೊಳ್ಳಿ. ಪಾಲೊ ಆಲ್ಟೊದಿಂದ ಸ್ಯಾಕ್ರಮೆಂಟೊಗೆ ಒಬ್ಬರು ಹಾರಿಸಿ ಪೂರ್ತಿ ನಿಂತು, ಅಲ್ಲಿಂದ ಇನ್ನೊಬ್ಬರು ಮನೆಗೆ ತಂದರೆ ಇಬ್ಬರಿಗೂ ತಲಾ ಒಂದು ಕ್ರಾಸ್‌ಕಂಟ್ರಿ, ಬಾಡಿಗೆ ಅರ್ಧರ್ಧ.

50 ಗಂಟೆಯನ್ನು ಹೊಂದಿಸುವುದು

ಮೊದಲು ಹಳೆಯ ಲಾಗ್‌ಬುಕ್ ತೆಗೆಯಿರಿ. ಸ್ಟೂಡೆಂಟ್ ಆಗಿ ಒಂಟಿಯಾಗಿ ಮಾಡಿದ ಕ್ರಾಸ್‌ಕಂಟ್ರಿಯೂ ಪಿಐಸಿ ಸಮಯವೇ. ಆಗ ಕನಿಷ್ಠ 5 ಗಂಟೆ ಹಾರಿದ್ದೀರಿ. ನಂತರ ಮನೆಯವರನ್ನೋ ಸ್ನೇಹಿತರನ್ನೋ ಕರೆದುಕೊಂಡು ಹೋದದ್ದರಲ್ಲಿ 50 ಮೈಲಿ ದಾಟಿ ಇಳಿದವನ್ನು ಗುರುತು ಮಾಡಿ. ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದದ್ದು 40 ಎಂದು ಹಿಡಿಯೋಣ.

ಮೊದಲ ಎಂಟು ಹತ್ತು ಗಂಟೆ ಪಾಠ ಊರ ಹತ್ತಿರವೇ ಆಗಲಿ. ನೇರ ಹಾರಾಟ, ಸೆಕೆಂಡಿಗೆ 3 ಡಿಗ್ರಿಯ ತಿರುವು, ಪಾರ್ಶಿಯಲ್ ಪ್ಯಾನೆಲ್ (ಕೆಲವು ಉಪಕರಣ ಕೆಟ್ಟಂತೆ ಹಾರುವುದು), ಹೋಲ್ಡಿಂಗ್ (ಒಂದು ಬಿಂದುವಿನ ಬಳಿ ಸುತ್ತುತ್ತಾ ಕಾಯುವುದು): ಇವು ಕೈಗೆ ಹತ್ತುವ ಮುಂಚೆ ದೂರ ಹೋಗಿ ಪ್ರಯೋಜನವಿಲ್ಲ. ಸ್ಕ್ಯಾನ್ (ಉಪಕರಣಗಳ ಮೇಲೆ ಕಣ್ಣಾಡಿಸುವ ಕ್ರಮ) ಕೂರದವರಿಗೆ ಒಂದೂವರೆ ಗಂಟೆ ಹುಡ್ ಬರೀ ಸುಸ್ತು ಕೊಡುತ್ತದೆ. ಎತ್ತರವನ್ನು 100 ಅಡಿಯೊಳಗೆ, ದಿಕ್ಕನ್ನು 10 ಡಿಗ್ರಿಯೊಳಗೆ, ವೇಗವನ್ನು 10 ನಾಟ್ ಒಳಗೆ ಹಿಡಿಯುವುದು ಪರೀಕ್ಷೆಯ ಮಟ್ಟ. ಅದರ ಎರಡರಷ್ಟು ಸಡಿಲದಲ್ಲಾದರೂ ನಿಂತ ಮೇಲೆ ಹೊರಗೆ ಹೊರಡಿ.

ಆಮೇಲಿನ ಪಾಠಗಳನ್ನು ಸಾಧ್ಯವಾದಷ್ಟು 51 ಮೈಲಿ ವೃತ್ತದ ಆಚೆಗೆ ಒಯ್ಯಿರಿ. ಸಿಎಫ್‌ಐಐ ಜೊತೆಗಿನ ಪಾಠ ಮತ್ತು ಉದ್ದದ ಹಾರಾಟದಿಂದ 10 ಗಂಟೆ ಬಂದೀತು. ಉಳಿದ 30 ಗಂಟೆ ಸೇಫ್ಟಿ ಪೈಲಟ್ ಜೊತೆ, ಎರಡು ಗಂಟೆಯ ಹೋಗಿಬರುವ ಹಾರಾಟಗಳಾದರೆ ಹದಿನೈದು. 40ರಲ್ಲಿ ಶಿಕ್ಷಕರ 15 ಕಳೆದರೆ ಹುಡ್‌ಗೆ ಉಳಿಯುವುದು 25. ಟೇಕಾಫ್ ಆಗಿ ಹುಡ್ ಹಾಕುವವರೆಗೆ ಮತ್ತು ಮಿನಿಮಮ್‌ನಲ್ಲಿ (ರನ್‌ವೇ ಕಾಣದೆ ಅದಕ್ಕಿಂತ ಕೆಳಗೆ ಇಳಿಯಬಾರದ ಎತ್ತರ) ತೆಗೆದ ಮೇಲೆ ಇನ್‌ಸ್ಟ್ರುಮೆಂಟ್ ಗಡಿಯಾರ ನಿಂತಿರುತ್ತದೆ. ಎರಡು ಗಂಟೆ ಹಾರಾಟಕ್ಕೆ 1.6 ಅಥವಾ 1.7 ಗಂಟೆ ಹುಡ್ ಸಿಗುತ್ತದೆ. ಹದಿನೈದು ಹಾರಾಟಕ್ಕೆ ಸುಮಾರು 25. ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ.

ಸಿಮ್ಯುಲೇಟರ್ ಬಳಸುವವರಿಗೆ ಎಚ್ಚರಿಕೆಯ ಮಾತು. ಎಫ್‌ಎಎ ಒಪ್ಪಿದ ಬೇಸಿಕ್ ತರಬೇತಿ ಯಂತ್ರದಲ್ಲಿ 10 ಗಂಟೆ, ಅಡ್ವಾನ್ಸ್ಡ್ ಯಂತ್ರದಲ್ಲಿ 20 ಗಂಟೆವರೆಗೆ ಇನ್‌ಸ್ಟ್ರುಮೆಂಟ್ ಸಮಯಕ್ಕೆ ಸೇರಿಸಿಕೊಳ್ಳಬಹುದು. ಹೋಲ್ಡಿಂಗ್ ಮತ್ತು ಪ್ರೊಸೀಜರ್ ಟರ್ನ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅದರಿಂದ ಕ್ರಾಸ್‌ಕಂಟ್ರಿ ಲೆಕ್ಕಕ್ಕೆ ಒಂದು ನಿಮಿಷವೂ ಸೇರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ 20 ಗಂಟೆ ಕಳೆದವರಿಗೆ ಹುಡ್ ಬೇಗ ಮುಗಿದು ಕ್ರಾಸ್‌ಕಂಟ್ರಿ ಬಾಕಿ ಉಳಿಯುತ್ತದೆ. ಈಗಾಗಲೇ ಮೂವತ್ತು ನಲವತ್ತು ಗಂಟೆ ಕ್ರಾಸ್‌ಕಂಟ್ರಿ ಇರುವವರಿಗೆ ಸಿಮ್ಯುಲೇಟರ್ ಲಾಭ, ಹತ್ತೇ ಇರುವವರಿಗೆ ಅಷ್ಟಾಗಿ ಅಲ್ಲ.

ಸೇಫ್ಟಿ ಪೈಲಟ್ ಜೊತೆಗಿನ ಹಾರಾಟ ವಿಎಫ್‌ಆರ್‌ನಲ್ಲೇ (ಮೋಡ ತಪ್ಪಿಸಿ ಕಣ್ಣಿಂದ ನೋಡಿ ಹಾರುವ ನಿಯಮ) ನಡೆಯುತ್ತದೆ. ಆದರೆ ಐಎಫ್‌ಆರ್‌ನ ಶಿಸ್ತಿನಲ್ಲಿ ನಡೆಸಿ. ಫ್ಲೈಟ್ ಫಾಲೋಯಿಂಗ್ (ಎಟಿಸಿ ರೇಡಾರ್‌ನಲ್ಲಿ ನಿಮ್ಮನ್ನು ಗಮನಿಸುವ ಸೇವೆ) ಕೇಳಿ. ದಾರಿಯನ್ನು ವಿಒಆರ್ (ನೆಲದ ಮೇಲಿನ ದಿಕ್ಕು ತೋರುವ ರೇಡಿಯೊ ಕೇಂದ್ರ) ಮತ್ತು ಫಿಕ್ಸ್‌ಗಳ (ಚಾರ್ಟ್ ಮೇಲೆ ಹೆಸರಿಟ್ಟ ಬಿಂದು) ಮೂಲಕ ಹಾಕಿ, ಲಾಗ್ ಬರೆದು, ಪ್ರತಿ ಫಿಕ್ಸ್‌ನ ಸಮಯ ಗುರುತಿಸಿ. ಕೊನೆಯಲ್ಲಿ ಪ್ರಾಕ್ಟೀಸ್ ಅಪ್ರೋಚ್ ಕೇಳಿ. "ಮೇಂಟೇನ್ ವಿಎಫ್‌ಆರ್" ಎಂದು ನಾರ್‌ಕ್ಯಾಲ್ ಅಪ್ರೋಚ್ (ಆ ಪ್ರದೇಶದ ಎಟಿಸಿ ಕೇಂದ್ರದ ಹೆಸರು) ಹೇಳಿದರೆ, ಮೋಡ ತಪ್ಪಿಸುವ ಮತ್ತು ಬೇರೆ ವಿಮಾನ ನೋಡಿಕೊಳ್ಳುವ ಹೊಣೆ ಪೂರ್ತಿ ನಿಮ್ಮಿಬ್ಬರದು. ಹುಡ್ ಹಾಕಿದವರಿಗೆ ಅದು ಕಾಣುವುದಿಲ್ಲ. ಹಾಗಾಗಿ ಸೇಫ್ಟಿ ಪೈಲಟ್ ಕೈಗೆ ಐಪ್ಯಾಡ್ ಕೊಟ್ಟು ಪ್ಲೇಟ್ ಹುಡುಕಿಸಬೇಡಿ. ಅವರ ಕಣ್ಣು ಹೊರಗಿರಬೇಕು.

ಉದ್ದದ ಹಾರಾಟ: ಪಾಲೊ ಆಲ್ಟೊ, ಫ್ರೆಸ್ನೊ, ಸಲೀನಾಸ್, ಪಾಲೊ ಆಲ್ಟೊ

ಪಾಲೊ ಆಲ್ಟೊದಿಂದ ಪನೋಚೆ ವಿಒಆರ್ ಮೇಲೆ ಹಾದು ಫ್ರೆಸ್ನೊಗೆ ಸುಮಾರು 130 ಮೈಲಿ. ಫ್ರೆಸ್ನೊದಿಂದ ಸಲೀನಾಸ್ 91. ಪನೋಚೆ ಈ ಗೆರೆಯ ಮೇಲೆಯೇ ಸಿಗುತ್ತದೆ. ಸಲೀನಾಸ್‌ನಿಂದ ಮನೆಗೆ 54. ಒಟ್ಟು 275. ಇಪ್ಪತ್ತೈದು ಮೈಲಿ ಹೆಚ್ಚಿಗೆ ಇರುವುದು ಬೇಕೆಂದೇ. ಎಟಿಸಿ ನಡುವೆ ಡೈರೆಕ್ಟ್ ಕೊಟ್ಟು ದಾರಿ ಕತ್ತರಿಸುತ್ತದೆ. 252 ಮೈಲಿಗೆ ಪ್ಲಾನ್ ಮಾಡಿ, ಎರಡು ಡೈರೆಕ್ಟ್ ಸಿಕ್ಕಿ, 246ಕ್ಕೆ ಇಳಿದರೆ ಇಡೀ ದಿನದ ಹಾರಾಟ ಮತ್ತೆ ಮಾಡಬೇಕು. ಮೊದಲ ಹಂತದ ನೇರ ದೂರ 120ಕ್ಕಿಂತ ಮೇಲಿರುವುದರಿಂದ ಪಾರ್ಟ್ 141ರವರಿಗೂ ಇದು ಸಲ್ಲುತ್ತದೆ.

ಮೂರು ಬಗೆಯ ಅಪ್ರೋಚ್ ಎಂಬಲ್ಲಿ ವಾದಕ್ಕೆ ಎಡೆ ಕೊಡಬೇಡಿ. ಒಂದು ಐಎಲ್‌ಎಸ್, ಒಂದು ವಿಒಆರ್, ಒಂದು ಜಿಪಿಎಸ್ ಆಧಾರದ ಆರ್‌ನ್ಯಾವ್ ಆಯ್ದುಕೊಂಡರೆ ಯಾವ ಪರೀಕ್ಷಕರೂ ಪ್ರಶ್ನೆ ಎತ್ತುವುದಿಲ್ಲ. ಫ್ರೆಸ್ನೊದ ರನ್‌ವೇ 29 ರೈಟ್‌ಗೆ ಐಎಲ್‌ಎಸ್ ಇದೆ, ಪಾಲೊ ಆಲ್ಟೊದ ರನ್‌ವೇ 31ಕ್ಕೆ ಆರ್‌ನ್ಯಾವ್. ನಡುವಿನದಕ್ಕೆ ವಿಒಆರ್ ಹುಡುಕುವಾಗ ಚಾಲ್ತಿಯಲ್ಲಿರುವ ಪ್ಲೇಟ್ ನೋಡಿಯೇ ತೀರ್ಮಾನಿಸಿ. ಎಫ್‌ಎಎ ಹಲವು ವಿಒಆರ್‌ಗಳನ್ನು ಮುಚ್ಚುತ್ತಾ ಬಂದಿದೆ, ಹಳೆಯ ಅಪ್ರೋಚ್‌ಗಳನ್ನೂ ತೆಗೆಯುತ್ತಿದೆ. ಸಲೀನಾಸ್‌ನಲ್ಲಿ ಆ ದಿನ ಸಿಗದಿದ್ದರೆ ದಾರಿಯನ್ನೇ ಬದಲಿಸಿ, ಅಥವಾ ಲೋಕಲೈಸರ್ (ಐಎಲ್‌ಎಸ್‌ನಲ್ಲಿ ಎಡಬಲ ತೋರುವ ಕಿರಣ) ಮಾತ್ರ ಬಳಸುವ ಅಪ್ರೋಚ್ ನಡೆಯುತ್ತದೆಯೇ ಎಂದು ಪರೀಕ್ಷಕರನ್ನು ಮೊದಲೇ ಕೇಳಿ. ಪ್ಲೇಟ್‌ಗಳೂ ಜಿಪಿಎಸ್ ಡೇಟಾಬೇಸ್ ಕೂಡ 28 ದಿನಕ್ಕೊಮ್ಮೆ ಬದಲಾಗುತ್ತವೆ, ಲೋ ಆಲ್ಟಿಟ್ಯೂಡ್ ಚಾರ್ಟ್ 56 ದಿನಕ್ಕೊಮ್ಮೆ.

ಹಿಂದಿನ ದಿನ ವಿಮಾನದ ದಾಖಲೆ ನೋಡಿ. ಆಲ್ಟಿಮೀಟರ್ ಮತ್ತು ಸ್ಟ್ಯಾಟಿಕ್ ವ್ಯವಸ್ಥೆಯ ಪರೀಕ್ಷೆ 24 ಕ್ಯಾಲೆಂಡರ್ ತಿಂಗಳೊಳಗೆ ಆಗಿರಬೇಕು, ಟ್ರಾನ್ಸ್‌ಪಾಂಡರ್‌ದೂ ಅಷ್ಟೇ. ವಿಒಆರ್ ಬಳಸುತ್ತೀರಾದರೆ ಅದರ ಪರೀಕ್ಷೆ 30 ದಿನದೊಳಗೆ ಆಗಿರಬೇಕು: ನೆಲದ ಮೇಲೆ 4 ಡಿಗ್ರಿ, ಹಾರುವಾಗ 6 ಡಿಗ್ರಿ ವ್ಯತ್ಯಾಸದವರೆಗೆ ಸರಿ, ಎರಡು ವಿಒಆರ್‌ಗಳನ್ನು ಹೋಲಿಸಿದರೆ 4. ತಾರೀಕು, ಸ್ಥಳ, ವ್ಯತ್ಯಾಸ, ಸಹಿ ನಾಲ್ಕೂ ಬರೆದಿರಬೇಕು. ಬಾಡಿಗೆ ವಿಮಾನಗಳಲ್ಲಿ ತಪ್ಪದೆ ಬಿಟ್ಟುಹೋಗಿರುವುದು ಇದೇ.

ಇಂಧನಕ್ಕೆ ಸೆಸ್ನಾ 172ಎಸ್ ಲೆಕ್ಕ ಹಿಡಿಯೋಣ. ಬಳಸಬಹುದಾದದ್ದು 53 ಗ್ಯಾಲನ್. ಗಾಳಿಯಿಲ್ಲದ ದಿನ 110 ನಾಟ್‌ಗೆ 275 ಮೈಲಿ ಎಂದರೆ ಎರಡೂವರೆ ಗಂಟೆ. ಮೂರು ಅಪ್ರೋಚ್‌ಗೆ ತಲಾ ಕಾಲು ಗಂಟೆ ಸೇರಿಸಿ, ಮೂರು ಗಂಟೆ ಕಾಲು. ಗಂಟೆಗೆ 9 ಗ್ಯಾಲನ್‌ನಂತೆ 30. ಐಎಫ್‌ಆರ್ ನಿಯಮ ಕೇಳುವುದು ಗುರಿ ತಲುಪಲು, ಅಲ್ಲಿಂದ ಆಲ್ಟರ್ನೇಟ್‌ಗೆ (ಗುರಿಯಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣ), ಅದರ ಮೇಲೆ 45 ನಿಮಿಷ ಹಾರಲು ಬೇಕಾದ ಇಂಧನ. ಟ್ಯಾಂಕ್ ತುಂಬಿದ್ದರೆ ಸಾಕಷ್ಟಿದೆ, ಆದರೆ ಇಬ್ಬರು ದಪ್ಪಗಿದ್ದು ಚೀಲಗಳೂ ಇದ್ದರೆ ತೂಕದ ಹಾಳೆ ನೋಡಿ. ಪಾಲೊ ಆಲ್ಟೊದ ರನ್‌ವೇ 2443 ಅಡಿ ಮಾತ್ರ.

ಆಲ್ಟರ್ನೇಟ್ ಬೇಕೇ ಎಂದು ತಿಳಿಯಲು 1-2-3 ಸೂತ್ರ: ತಲುಪುವ ಹೊತ್ತಿಗೆ ಒಂದು ಗಂಟೆ ಮುಂಚೆಯಿಂದ ಒಂದು ಗಂಟೆ ನಂತರದವರೆಗೆ ಸೀಲಿಂಗ್ (ಮೋಡದ ತಳದ ಎತ್ತರ) 2000 ಅಡಿ, ಗೋಚರತೆ 3 ಮೈಲಿ ಇಲ್ಲದಿದ್ದರೆ ಬೇಕು. ಆಲ್ಟರ್ನೇಟ್‌ನಲ್ಲಿ ಐಎಲ್‌ಎಸ್‌ನಂಥ ಪ್ರಿಸಿಷನ್ ಅಪ್ರೋಚ್ ಇದ್ದರೆ 600 ಅಡಿ ಮತ್ತು 2 ಮೈಲಿ, ಬೇರೆಯದಾದರೆ 800 ಅಡಿ ಮತ್ತು 2 ಮೈಲಿ ಮುನ್ಸೂಚನೆ ಇರಬೇಕು. ಪ್ಲೇಟ್ ಮೇಲೆ ಎ ಅಕ್ಷರದ ತ್ರಿಕೋನ ಕಂಡರೆ ಈ ಅಂಕಿಗಳು ಬೇರೆ ಇರುತ್ತವೆ, ಓದಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಮಾತು ಮುಖ್ಯ. ಚಳಿಗಾಲದಲ್ಲಿ ಮಳೆ ಬಂದ ಮರುದಿನ ಸೆಂಟ್ರಲ್ ವ್ಯಾಲಿ ತುಂಬಾ ಟೂಲಿ ಮಂಜು ಕೂರುತ್ತದೆ. ಫ್ರೆಸ್ನೊ ಮುಚ್ಚಿದರೆ ಮರ್ಸೆಡ್, ಮೊಡೆಸ್ಟೊ, ಸ್ಟಾಕ್ಟನ್ ಎಲ್ಲವೂ ಒಟ್ಟಿಗೆ ಮುಚ್ಚುತ್ತವೆ. ಆಗ ಆಲ್ಟರ್ನೇಟ್ ಕಣಿವೆಯ ಹೊರಗಿರಬೇಕು. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು: ಸಮುದ್ರದ ಮೋಡ ಬಂದು ಸಲೀನಾಸ್, ಮಾಂಟೆರೆ ಎರಡನ್ನೂ ಒಂದೇ ಸಲ ಮುಚ್ಚುತ್ತದೆ. ಆಗ ಆಲ್ಟರ್ನೇಟ್ ಒಳನಾಡಿನಲ್ಲಿರಬೇಕು. ಹತ್ತಿರವಿದೆ ಎಂಬ ಕಾರಣಕ್ಕೆ ಒಂದೇ ಮೋಡದ ಕೆಳಗಿನ ಎರಡು ನಿಲ್ದಾಣ ಬರೆಯುವುದು ಹೊಸಬರ ತಪ್ಪು.

ಅದೇ ಬೇಸಿಗೆಯ ಸಮುದ್ರಮೋಡ ಕಲಿಯುವವರಿಗೆ ವರ. ತೆಳು, ಹೆಚ್ಚು ಅಲುಗಾಟವಿಲ್ಲ, ಹಿಮ ಕಟ್ಟುವ ಭಯವಿಲ್ಲ, ಮೇಲೆ ಬಿಸಿಲು. ಸಿಎಫ್‌ಐಐ ಜೊತೆ ಬೆಳಗ್ಗೆ ಬೇಗ ಸಲೀನಾಸ್‌ಗೆ ಹೋದರೆ ನಿಜವಾದ ಮೋಡದಲ್ಲಿ ಅಪ್ರೋಚ್ ಸಿಗುತ್ತದೆ. ಹುಡ್ ಅಂಚಿನಿಂದ ಇಣುಕುವ ಚಟ ಇದ್ದವರಿಗೆ ಮೊದಲ ಐದು ನಿಮಿಷದಲ್ಲೇ ಅದು ಬಿಟ್ಟುಹೋಗುತ್ತದೆ. ಚಳಿಗಾಲದ ಮೋಡ ಹಾಗಲ್ಲ. ಫ್ರೀಜಿಂಗ್ ಲೆವೆಲ್ 6000 ಅಡಿಯಲ್ಲಿದ್ದು, ನಿಮ್ಮ ದಾರಿಯ ಕನಿಷ್ಠ ಎತ್ತರ ಅದಕ್ಕಿಂತ ಮೇಲಿದ್ದರೆ ಆ ದಿನ 172ರಲ್ಲಿ ಮೋಡಕ್ಕೆ ಹೋಗುವ ಮಾತೇ ಇಲ್ಲ.

ಆ ದಿನದ ಕೆಲಸ, ಒಂದೊಂದಾಗಿ

1. ಮೂರು ಹಂತಕ್ಕೂ ಮೂರು ಪ್ರತ್ಯೇಕ ಐಎಫ್‌ಆರ್ ಫ್ಲೈಟ್ ಪ್ಲಾನ್ ಫೈಲ್ ಮಾಡಿ. ಪಿಐಸಿ ಜಾಗದಲ್ಲಿ ಸಿಎಫ್‌ಐಐ ಹೆಸರು. ಪೂರ್ವದ ಕಡೆ ಹೋಗುವಾಗ ಬೆಸ ಸಾವಿರ, 7000 ಅಡಿ. ಪಶ್ಚಿಮಕ್ಕೆ ಬರುವಾಗ ಸಮ ಸಾವಿರ, 6000 ಅಥವಾ 8000. ಗುಡ್ಡಗಾಡು ಪ್ರದೇಶದಲ್ಲಿ ಅಡೆತಡೆಗಿಂತ 2000 ಅಡಿ ಮೇಲಿರಬೇಕು. ಡಿಯಾಬ್ಲೊ ಸಾಲನ್ನು ದಾಟುವ ಕಡೆ ಚಾರ್ಟ್‌ನಲ್ಲಿರುವ ಕನಿಷ್ಠ ಎತ್ತರ ನೋಡಿ ಹಾಕಿ.

2. ಕ್ಲಿಯರೆನ್ಸ್ (ಎಟಿಸಿ ಕೊಡುವ ಹಾರಾಟದ ಅನುಮತಿ) ಬರೆದುಕೊಳ್ಳಲು ಕಾಗದದ ಮೇಲೆ ಐದು ಸಾಲು ಮೊದಲೇ ಎಳೆದಿಡಿ: ಎಲ್ಲಿಯವರೆಗೆ, ದಾರಿ, ಎತ್ತರ, ಫ್ರೀಕ್ವೆನ್ಸಿ, ಸ್ಕ್ವಾಕ್ (ಟ್ರಾನ್ಸ್‌ಪಾಂಡರ್‌ಗೆ ಹಾಕುವ ಸಂಖ್ಯೆ). ಫೈಲ್ ಮಾಡಿದ ದಾರಿಯೇ ಸಿಗುತ್ತದೆಂದು ನಂಬಬೇಡಿ. ಸಿಕ್ಕಿದ ದಾರಿಯನ್ನು ಟ್ಯಾಕ್ಸಿ ಮಾಡುವ ಮೊದಲೇ ಜಿಪಿಎಸ್‌ಗೆ ಹಾಕಿ, ಚಾರ್ಟ್ ಮೇಲೆ ಬೆರಳಿಟ್ಟು ಫಿಕ್ಸ್ ಫಿಕ್ಸ್ ಹೋಲಿಸಿ. ಟ್ಯಾಕ್ಸಿ ಮಾಡುತ್ತಾ ಗುಂಡಿ ಒತ್ತಿದವರು ನಿಲ್ಲಬೇಕಾದ ಗೆರೆ ದಾಟಿ ಮುಂದೆ ಹೋದದ್ದುಂಟು.

3. ದಾರಿಯಲ್ಲಿ ಕೈ ಖಾಲಿ ಇದ್ದಾಗ ಮುಂದಿನ ಕೆಲಸ ಮಾಡಿ. ಪನೋಚೆ ದಾಟುತ್ತಿದ್ದಂತೆ ಫ್ರೆಸ್ನೊದ ಏಟಿಸ್ (ನಿಲ್ದಾಣದ ಹವೆ, ರನ್‌ವೇ ಹೇಳುವ ರೇಡಿಯೊ ಮುದ್ರಿಕೆ) ಕೇಳಲು ಪ್ರಯತ್ನಿಸಿ. 30 ಮೈಲಿ ಇರುವಾಗ ಪ್ಲೇಟ್ ಬ್ರೀಫ್ ಮುಗಿದಿರಲಿ: ಫ್ರೀಕ್ವೆನ್ಸಿ, ಒಳಬರುವ ದಿಕ್ಕು, ಗ್ಲೈಡ್‌ಸ್ಲೋಪ್ (ಇಳಿಯುವ ಕೋನ ತೋರುವ ಕಿರಣ) ಹಿಡಿಯುವ ಎತ್ತರ, ಮಿನಿಮಮ್, ಮಿಸ್ಡ್ ಅಪ್ರೋಚ್‌ನ ಮೊದಲ ಎರಡು ಹೆಜ್ಜೆ. 7000ದಿಂದ 3000ಕ್ಕೆ ನಿಮಿಷಕ್ಕೆ 500 ಅಡಿಯಂತೆ ಇಳಿಯಲು 8 ನಿಮಿಷ, 110 ನಾಟ್‌ಗೆ ಸುಮಾರು 15 ಮೈಲಿ. ಎಟಿಸಿ ತಾನಾಗಿ ಇಳಿಸದಿದ್ದರೆ ಕೇಳಿ.

4. ಐಎಲ್‌ಎಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಒಂದೇ: ಸೂಜಿಯನ್ನು ಜಿಪಿಎಸ್‌ನಿಂದ ಲೋಕಲೈಸರ್‌ಗೆ ಬದಲಿಸದೆ ಬಿಡುವುದು. ಸೂಜಿ ನಡುವೆ ನಿಂತಿರುತ್ತದೆ, ಎಲ್ಲ ಸರಿ ಎನಿಸುತ್ತದೆ, ಗ್ಲೈಡ್‌ಸ್ಲೋಪ್ ಮಾತ್ರ ಬರುವುದೇ ಇಲ್ಲ. ಲೋಕಲೈಸರ್‌ಗೆ ತಿರುಗುವ ವೆಕ್ಟರ್ (ಎಟಿಸಿ ಹೇಳುವ ದಿಕ್ಕು) ಸಿಕ್ಕ ಕೂಡಲೇ ಮೂಲ, ಫ್ರೀಕ್ವೆನ್ಸಿ, ಮೋರ್ಸ್ ಗುರುತು ಮೂರನ್ನೂ ಬಾಯಿಬಿಟ್ಟು ಹೇಳಿ. 90 ನಾಟ್ ನೆಲವೇಗಕ್ಕೆ 3 ಡಿಗ್ರಿ ಗ್ಲೈಡ್‌ಸ್ಲೋಪ್‌ಗೆ ನಿಮಿಷಕ್ಕೆ ಸುಮಾರು 450 ಅಡಿ ಇಳಿಕೆ. ಹಿಂಗಾಳಿ ಇದ್ದು 100 ನಾಟ್ ಆದರೆ 500.

5. ವಿಒಆರ್ ಅಪ್ರೋಚ್‌ನಲ್ಲಿ ಸ್ಟೇಷನ್ ಮೇಲೆ ಬರುವಾಗ ಸೂಜಿ ಓಡಾಡುತ್ತದೆ. ಅದನ್ನು ಬೆನ್ನಟ್ಟಬೇಡಿ, ಹಿಡಿದ ದಿಕ್ಕನ್ನೇ ಹಿಡಿಯಿರಿ. ದಾಟಿದ ಮೇಲೆ ತಿರುವು, ಗಡಿಯಾರ, ಓಬಿಎಸ್ (ವಿಒಆರ್ ದಿಕ್ಕು ಹಾಕುವ ಗುಬ್ಬಿ), ಥ್ರಾಟಲ್, ಮಾತು, ಈ ಕ್ರಮದಲ್ಲಿ. ಮಾತು ಕೊನೆಯದು. ಎಟಿಸಿಗೆ ಉತ್ತರ ಕೊಡುವ ಆತುರದಲ್ಲಿ ಗಡಿಯಾರ ಒತ್ತದೆ ಬಿಟ್ಟರೆ, ಸಮಯದ ಮೇಲೆ ನಿಂತ ಅಪ್ರೋಚ್‌ನಲ್ಲಿ ಮಿಸ್ಡ್ ಅಪ್ರೋಚ್ ಎಲ್ಲಿಂದ ಶುರುಮಾಡಬೇಕೆಂದೇ ಗೊತ್ತಾಗುವುದಿಲ್ಲ.

6. ಹವೆ ಚೆನ್ನಾಗಿದ್ದು ರನ್‌ವೇ ಕಂಡರೂ ಐಎಫ್‌ಆರ್ ಕ್ಯಾನ್ಸಲ್ ಮಾಡಬೇಡಿ. ಮನೆ ಹತ್ತಿರ ಬಂದಾಗ, ವಿಮಾನ ವಾಪಸು ಕೊಡುವ ಹೊತ್ತಾದಾಗ, ಈ ಆಸೆ ಹುಟ್ಟುತ್ತದೆ. ಪಾಲೊ ಆಲ್ಟೊದ ಆರ್‌ನ್ಯಾವ್ ಮುಗಿಯದಿದ್ದರೆ ಮೂರನೆಯ ನಿಲ್ದಾಣದ ಅಪ್ರೋಚ್ ಇಲ್ಲ, ಷರತ್ತು ಪೂರ್ತಿಯಾಗಿಲ್ಲ.

ರೇಡಿಯೊ ಕೈಕೊಟ್ಟರೆ ಏನು ಮಾಡುವುದೆಂದು ಪ್ರತಿ ಹಂತಕ್ಕೂ ಮುಂಚೆ ಒಂದು ನಿಮಿಷ ಮಾತಾಡಿಕೊಳ್ಳಿ. ಟ್ರಾನ್ಸ್‌ಪಾಂಡರ್‌ಗೆ 7600 ಹಾಕಿ. ಹೊರಗೆ ಕಣ್ಣಿಗೆ ಸ್ಪಷ್ಟವಾಗಿದ್ದರೆ ಹಾಗೇ ಮುಂದುವರಿದು ಇಳಿಯಿರಿ. ಮೋಡದಲ್ಲಿದ್ದರೆ, ದಾರಿಗೆ ಕೊಟ್ಟದ್ದು, ವೆಕ್ಟರ್ ಇದ್ದರೆ ಅದು ಒಯ್ಯುವ ಫಿಕ್ಸ್, ನಿರೀಕ್ಷಿಸಿ ಎಂದದ್ದು, ಫೈಲ್ ಮಾಡಿದ್ದು, ಈ ಕ್ರಮ. ಎತ್ತರಕ್ಕೆ ಕೊಟ್ಟದ್ದು, ನಿರೀಕ್ಷಿಸಿ ಎಂದದ್ದು, ಕನಿಷ್ಠ ಎತ್ತರ, ಈ ಮೂರರಲ್ಲಿ ಹೆಚ್ಚಿನದು. ಬಾಯಿ ಪರೀಕ್ಷೆಯಲ್ಲಿ ಇದನ್ನು ನಿಮ್ಮ ದಾರಿಯ ಮೇಲೆಯೇ ಕೇಳುತ್ತಾರೆ.

ಲಾಗ್‌ಬುಕ್

ಇಳಿದ ದಿನವೇ ಬರೆಯಿರಿ. ದಾರಿಯ ಅಂಕಣದಲ್ಲಿ ಎಲ್ಲ ನಿಲ್ದಾಣಗಳೂ ಬರಲಿ. ಹೋಗಿಬಂದದ್ದಕ್ಕೆ ಬರೀ ಪಾಲೊ ಆಲ್ಟೊದಿಂದ ಪಾಲೊ ಆಲ್ಟೊ ಎಂದು ಬರೆದರೆ 50 ಮೈಲಿ ದಾಟಿದ್ದಕ್ಕೆ ಆಧಾರವೇ ಇರುವುದಿಲ್ಲ. ಷರಾದಲ್ಲಿ ನೇರ ದೂರ, ಇಳಿದ ಜಾಗ, ಪ್ರತಿ ಅಪ್ರೋಚ್‌ನ ಬಗೆ ಮತ್ತು ಸ್ಥಳ, ಸೇಫ್ಟಿ ಪೈಲಟ್ ಹೆಸರು. ಕೊನೆಯ ಎರಡನ್ನೂ ನಿಯಮವೇ ಕೇಳುತ್ತದೆ. ಉದ್ದದ ಹಾರಾಟಕ್ಕೆ ಸಿಎಫ್‌ಐಐ ಸಹಿಯ ಜೊತೆ, 61.65ರ ಉದ್ದದ ಹಾರಾಟ ಇದೇ ಎಂದು ಸ್ಪಷ್ಟ ಸಾಲು ಬರೆಸಿಕೊಳ್ಳಿ. ಒಟ್ಟು ಮೈಲಿ, ಐಎಫ್‌ಆರ್ ಪ್ಲಾನ್ ಫೈಲ್ ಮಾಡಿದ್ದು, ಮೂರು ಅಪ್ರೋಚ್‌ಗಳ ಹೆಸರು ಅದರಲ್ಲಿರಲಿ.

ಎಲೆಕ್ಟ್ರಾನಿಕ್ ಲಾಗ್‌ಬುಕ್ ಬಳಸುವವರು ಅದರ ಕ್ರಾಸ್‌ಕಂಟ್ರಿ ಮೊತ್ತವನ್ನು ಕಣ್ಣುಮುಚ್ಚಿ ನಂಬಬಾರದು. 50 ಮೈಲಿಗಿಂತ ಹತ್ತಿರದ ಬೇರೆ ನಿಲ್ದಾಣದಲ್ಲಿ ಇಳಿದದ್ದನ್ನೂ ಸಾಮಾನ್ಯ ಅರ್ಥದಲ್ಲಿ ಕ್ರಾಸ್‌ಕಂಟ್ರಿ ಎಂದು ಬರೆಯಲು ಅವಕಾಶವಿದೆ, ಎರಡೂ ಬೆರೆತು ಕೂತಿರುತ್ತವೆ. 50 ಮೈಲಿ ಮೀರಿದವಕ್ಕೆ ಬೇರೆ ಅಂಕಣ ಮಾಡಿ. ಅರ್ಜಿಯನ್ನು ಐಎಸಿಆರ್‌ಎದಲ್ಲಿ (ಎಫ್‌ಎಎಯ ಆನ್‌ಲೈನ್ ಅರ್ಜಿ ತಾಣ) ತುಂಬುವ ಒಂದು ತಿಂಗಳು ಮುಂಚೆ ಸಿಎಫ್‌ಐಐ ಜೊತೆ ಕೂತು, ಆ ಅಂಕಣದ ಪ್ರತಿ ಸಾಲನ್ನೂ ಚಾರ್ಟ್ ಮೇಲೆ ಅಳೆದು ನೋಡಿ. 50 ಗಂಟೆ ನಿಖರವಾಗಿ ನಿಂತಿದ್ದರೆ ಇನ್ನೊಂದು ಎರಡು ಗಂಟೆಯ ಹಾರಾಟ ಸೇರಿಸಿ. ಒಂದು ಸಾಲು 49 ಮೈಲಿಯದು ಎಂದು ಪರೀಕ್ಷಕರು ತೆಗೆದುಹಾಕಿದರೂ ಪರೀಕ್ಷೆ ಅದೇ ದಿನ ನಡೆಯುತ್ತದೆ.